ಸೇನೆಯಿಂದ ಹೊರಬಂದ ಹಳೆಯ ಪಿಸ್ತೂಲುಗಳು: ಕೊಳ್ಳುವ ಮೊದಲು, ಕೊಳ್ಳುವಾಗ, ಕೊಂಡ ಮೇಲೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಓದುಗರು ಕೆಲವು ವರ್ಷಗಳಿಂದ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಎರಡನೆಯ ಮಹಾಯುದ್ಧದ ಕಾಲದ ಒಂದು ಪಿಸ್ತೂಲನ್ನು ಸಂಗ್ರಹಕ್ಕೆಂದು ಕೊಳ್ಳಬೇಕು, ಎಲ್ಲಿಂದ ಆರಂಭಿಸಬೇಕು, ಮೋಸ ಹೋಗದಿರಲು ಏನು ನೋಡಬೇಕು? ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರೆದ ಉತ್ತರಗಳನ್ನು ಒಂದೆಡೆ ತಂದು, ಕ್ರಮವಾಗಿ ಇಲ್ಲಿ ಬರೆದಿದ್ದೇನೆ. ಇದು ಅಮೆರಿಕದ ಕಾನೂನು ಮತ್ತು ಅಲ್ಲಿನ ಮಾರುಕಟ್ಟೆಯನ್ನು ಕುರಿತ ಬರಹ. ಭಾರತದಲ್ಲಿರುವವರು ಇದನ್ನು ತಿಳಿವಳಿಕೆಗಾಗಿ ಓದಬಹುದೇ ಹೊರತು ಅನುಸರಿಸಲು ಬರುವುದಿಲ್ಲ. ಭಾರತದಲ್ಲಿ 1959ರ ಆಯುಧ ಕಾಯ್ದೆಯಂತೆ ಪ್ರತಿ ಪಿಸ್ತೂಲಿಗೂ ಪರವಾನಗಿ ಬೇಕು, 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮತ್ತು ಇಲ್ಲಿ ನಾನು ಹೆಚ್ಚಾಗಿ ಮಾತನಾಡುವ 9 ಮಿಲಿಮೀಟರ್ ಪಿಸ್ತೂಲುಗಳು ಅಲ್ಲಿ ನಿಷೇಧಿತ ಬೋರಿನ, ಅಂದರೆ ಜನಸಾಮಾನ್ಯರು ಹೊಂದುವಂತಿಲ್ಲದ ನಳಿಕೆಯಳತೆಯ, ಪಟ್ಟಿಗೆ ಸೇರಿವೆ. ಆದ್ದರಿಂದ ಅಮೆರಿಕದಲ್ಲಿ ಕೊಂಡದ್ದನ್ನು ಮುಂದೊಂದು ದಿನ ಊರಿಗೆ ಒಯ್ಯುವ ಆಲೋಚನೆಯನ್ನು ಮೊದಲೇ ಬಿಟ್ಟುಬಿಡಿ.

ಸೇನಾ ಸರ್‌ಪ್ಲಸ್ ಎಂದರೆ, ಒಂದು ದೇಶದ ಸೇನೆ ಅಥವಾ ಪೊಲೀಸು ಪಡೆ ಬಳಸಿ, ಹೊಸ ಮಾದರಿ ಬಂದ ಮೇಲೆ ಉಗ್ರಾಣದಿಂದ ಹೊರಹಾಕಿದ ಸರಕು. ಕಾರ್ಖಾನೆಯಿಂದ ನೇರವಾಗಿ ಅಂಗಡಿಗೆ ಬಂದ ಪಿಸ್ತೂಲಿಗೂ ಇದಕ್ಕೂ ಮುಖ್ಯ ವ್ಯತ್ಯಾಸವೆಂದರೆ, ಸೇನೆಯ ಪಿಸ್ತೂಲು ತನ್ನ ಮೈಮೇಲೆಯೇ ತನ್ನ ದಾಖಲೆಯನ್ನು ಹೊತ್ತಿರುತ್ತದೆ. ಯಾವ ಕಾರ್ಖಾನೆ, ಯಾವ ವರ್ಷ, ಯಾವ ತಪಾಸಣಾಧಿಕಾರಿ, ಮುಂದೆ ಯಾರ ಕೈಗೆ ಸಿಕ್ಕಿತು, ಎಲ್ಲಿ ದುರಸ್ತಿಯಾಯಿತು ಎಂಬುದೆಲ್ಲ ಸಣ್ಣ ಸಣ್ಣ ಮುದ್ರೆಗಳಲ್ಲಿ ಒತ್ತಲ್ಪಟ್ಟಿರುತ್ತದೆ. ಈ ಮುದ್ರೆಗಳನ್ನು ಓದಲು ಕಲಿಯುವುದೇ ಈ ಹವ್ಯಾಸದ ತಿರುಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೈಯಲ್ಲಿ ಇರಬೇಕಾದ ಸಲಕರಣೆಗಳು ಹೆಚ್ಚೇನಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ, ನಳಿಕೆಯೊಳಗೆ ಬೆಳಕು ಬಿಡುವ ಸಣ್ಣ ಟಾರ್ಚು, ಹತ್ತಿಯ ಕೈಗವಸು, ನೀವು ಆರಿಸಿಕೊಂಡ ಮಾದರಿಯನ್ನು ಕುರಿತ ಒಂದು ಒಳ್ಳೆಯ ಪರಾಮರ್ಶನ ಗ್ರಂಥ, ಒಂದು ಗಟ್ಟಿ ರಟ್ಟಿನ ನೋಟ್‌ಬುಕ್. ಗ್ರಂಥವನ್ನು ಪಿಸ್ತೂಲಿಗಿಂತ ಮೊದಲು ಕೊಳ್ಳಿ.

1. ಮೊದಲು ನಿಮ್ಮ ವೀಸಾ ಮತ್ತು ಕಾನೂನನ್ನು ನೋಡಿಕೊಳ್ಳಿ

ನಮ್ಮವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಎಚ್-1ಬಿ, ಎಲ್-1, ಎಫ್-1 ಮುಂತಾದ ವಲಸೆಯೇತರ ವೀಸಾದ ಮೇಲೆ ಅಮೆರಿಕದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದಿರುವುದು ಅಲ್ಲಿನ ಕೇಂದ್ರ ಕಾನೂನಿನಂತೆ ಅಪರಾಧ. ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇದ್ದವರಿಗೆ ಎಂಬಂತಹ ಕೆಲವು ವಿನಾಯಿತಿಗಳು ಇವೆ ನಿಜ, ಆದರೆ ಸಂಗ್ರಹದ ಆಸೆಗೆ ಅಂತಹ ವಿನಾಯಿತಿಯ ಮೇಲೆ ವಾಲಿಕೊಂಡು ವಲಸೆಯ ಅರ್ಜಿಯನ್ನೇ ಅಪಾಯಕ್ಕೆ ಒಡ್ಡುವುದು ಜಾಣತನವಲ್ಲ. ಸ್ನೇಹಿತನ ಪಿಸ್ತೂಲನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದೂ ಹೊಂದಿರುವುದೇ ಆಗುತ್ತದೆ. ಗ್ರೀನ್ ಕಾರ್ಡ್ ಬರುವವರೆಗೆ ಗ್ರಂಥಗಳನ್ನು ಓದಿ, ವಸ್ತುಸಂಗ್ರಹಾಲಯಗಳನ್ನು ನೋಡಿ. ಆ ಕಾಲ ವ್ಯರ್ಥವಾಗುವುದಿಲ್ಲ.

ಕಾಯಂ ನಿವಾಸಿಗಳು ಮತ್ತು ಪೌರರು, 21 ವರ್ಷ ತುಂಬಿದ್ದರೆ, ಸಂಗ್ರಾಹಕರ ಪರವಾನಗಿಗೆ ಅರ್ಜಿ ಹಾಕಬಹುದು. ಇದನ್ನು ಅಲ್ಲಿ ಸಿ ಆ್ಯಂಡ್ ಆರ್ ಪರವಾನಗಿ ಎನ್ನುತ್ತಾರೆ. ಅಪರೂಪದ ಮತ್ತು ಐತಿಹಾಸಿಕ ಬಂದೂಕುಗಳ ಪರವಾನಗಿ ಎಂದು ತಿಳಿಯಿರಿ. ಬಂದೂಕುಗಳ ಮೇಲ್ವಿಚಾರಣೆ ನೋಡಿಕೊಳ್ಳುವ ಕೇಂದ್ರದ ಎಟಿಎಫ್ ಇಲಾಖೆ ಕೊಡುವ ಈ ಪರವಾನಗಿಯ ಶುಲ್ಕ ಮೂರು ವರ್ಷಕ್ಕೆ 30 ಡಾಲರ್. ತಯಾರಾಗಿ 50 ವರ್ಷ ಕಳೆದಿದ್ದು, ಮೂಲ ರೂಪದಲ್ಲಿಯೇ ಇರುವ ಬಂದೂಕುಗಳು ಈ ವರ್ಗಕ್ಕೆ ಬರುತ್ತವೆ, ಮತ್ತು ಪರವಾನಗಿ ಇದ್ದವರು ಅಂತಹವನ್ನು ತಮ್ಮ ಸ್ವಂತ ಸಂಗ್ರಹಕ್ಕೆ ಬೇರೆ ರಾಜ್ಯದ ಮಾರಾಟಗಾರರಿಂದಲೂ ತರಿಸಿಕೊಳ್ಳಬಹುದು. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದವನ್ನು ಕೇಂದ್ರ ಕಾನೂನು ಪುರಾತನ ವಸ್ತುವೆಂದು ಬೇರೆಯಾಗಿಯೇ ನೋಡುತ್ತದೆ.

ಎರಡು ಎಚ್ಚರಿಕೆಗಳು. ಮೊದಲನೆಯದು, ಈ ಪರವಾನಗಿ ವ್ಯಾಪಾರಕ್ಕಲ್ಲ; ಲಾಭಕ್ಕೆಂದು ಕೊಂಡು ಮಾರುವ ರೂಢಿ ಬೆಳೆದರೆ ನೀವು ಪರವಾನಗಿಯಿಲ್ಲದ ವರ್ತಕರಾಗುತ್ತೀರಿ. ಎರಡನೆಯದು, ಕೇಂದ್ರದ ಪರವಾನಗಿ ರಾಜ್ಯದ ಕಾನೂನನ್ನು ತಳ್ಳಿಹಾಕುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಕೈಬಂದೂಕು ಹೊಂದಲು ರಾಜ್ಯದ ಲೈಸೆನ್ಸ್ ಬೇಕು. ನ್ಯೂಜೆರ್ಸಿಯಲ್ಲಿ ಕೊಳ್ಳುವ ಪ್ರತಿ ಕೈಬಂದೂಕಿಗೂ ಅನುಮತಿಪತ್ರ ಬೇಕು. ನೀವು ವಾಸಿಸುವ ರಾಜ್ಯ ಮಾತ್ರವಲ್ಲ, ಊರಿನ ನಿಯಮವನ್ನೂ ಬರಹದಲ್ಲಿ ಓದಿಕೊಂಡು ಮುಂದುವರಿಯಿರಿ.

2. ಒಂದೇ ಮಾದರಿಯನ್ನು ಹಿಡಿದುಕೊಳ್ಳಿ

ಸಿಕ್ಕಿದ್ದನ್ನೆಲ್ಲ ಕೊಳ್ಳುವವರ ಬಳಿ ಹತ್ತು ವರ್ಷದ ನಂತರ ಒಂದು ರಾಶಿ ಇರುತ್ತದೆ, ಸಂಗ್ರಹವಿರುವುದಿಲ್ಲ. ಮೊದಲ ಎರಡು ವರ್ಷವಾದರೂ ಒಂದೇ ಮಾದರಿಯನ್ನೋ ಒಂದೇ ದೇಶವನ್ನೋ ಹಿಡಿದುಕೊಂಡು ಆಳಕ್ಕೆ ಇಳಿಯಿರಿ.

ಆಯ್ಕೆಗಳು ಹಲವು. ಸೋವಿಯತ್ ಒಕ್ಕೂಟದ 7.62 ಮಿಲಿಮೀಟರ್ ಟೋಕರೆವ್ ಟಿಟಿ-33 ಮತ್ತು ಪೋಲೆಂಡ್, ರೊಮೇನಿಯಾ, ಯುಗೊಸ್ಲಾವಿಯಗಳಲ್ಲಿ ಅದರಿಂದ ಹುಟ್ಟಿದ ರೂಪಗಳು ಕಲಿಯುವವರಿಗೆ ಒಳ್ಳೆಯವು. ಒಂದೇ ವಿನ್ಯಾಸವನ್ನು ಬೇರೆ ಬೇರೆ ದೇಶಗಳು ಹೇಗೆ ಮಾಡಿದವು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಆದರೆ ಅಮೆರಿಕಕ್ಕೆ ಆಮದಾಗುವಾಗ ನಿಯಮ ಪಾಲನೆಗೆಂದು ಅನೇಕ ಟೋಕರೆವ್‌ಗಳಿಗೆ ಕೈಯಿಂದ ಒತ್ತುವ ಒಂದು ಸೇಫ್ಟಿಯನ್ನು, ಅಂದರೆ ಪಿಸ್ತೂಲು ತಪ್ಪಿ ಸಿಡಿಯದಂತೆ ತಡೆಯುವ ಕೀಲನ್ನು, ಹೊಸದಾಗಿ ಕೂರಿಸಿರುತ್ತಾರೆ. ಮೂಲ ಟೋಕರೆವ್‌ನಲ್ಲಿ ಅದಿರಲಿಲ್ಲ. ಏಳು ಗುಂಡಿನ 1895ರ ನಾಗಂತ್ ರಿವಾಲ್ವರ್ ಯಂತ್ರಕೌಶಲವನ್ನು ಪ್ರೀತಿಸುವವರಿಗೆ ಸೂಕ್ತ. ಹ್ಯಾಮರ್, ಅಂದರೆ ಗುಂಡು ಸಿಡಿಸಲು ಬಡಿಯುವ ಸುತ್ತಿಗೆ, ಹಿಂದಕ್ಕೆ ಬಂದಾಗ ಅದರ ಗುಂಡಿನ ಉರುಳೆ ಮುಂದಕ್ಕೆ ಸರಿದು ನಳಿಕೆಗೆ ಅಂಟಿಕೊಂಡು, ಅನಿಲ ಸೋರದಂತೆ ಮುಚ್ಚುತ್ತದೆ. ಅಮೆರಿಕದ್ದೇ ಆದ ಎಂ1911 ಬೇಕೆನ್ನುವವರಿಗೆ, ಸೇನೆಯ ಉಗ್ರಾಣದಿಂದ ಬಂದವನ್ನು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ 2018ರಿಂದ ಅರ್ಜಿ ಪಡೆದು ಮಾರುತ್ತಿದೆ.

ಭಾರತದ ನಂಟು ಬೇಕೆನ್ನುವವರು ಬ್ರೌನಿಂಗ್ ಹೈ ಪವರ್ ಕಡೆ ನೋಡಬಹುದು. ಯುದ್ಧಕಾಲದಲ್ಲಿ ಕೆನಡಾದ ಟೊರಾಂಟೊದಲ್ಲಿ ಇಂಗ್ಲಿಸ್ ಕಂಪನಿ ಮಾಡಿದ ಹೈ ಪವರ್‌ಗಳ ಹತ್ತಿರದ ಬಂಧುವೇ, ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆ ನಮ್ಮ ಸೇನೆಗೆ ಮಾಡಿಕೊಟ್ಟ 13 ಗುಂಡಿನ 9 ಮಿಲಿಮೀಟರ್ ಪಿಸ್ತೂಲು.

ಮುಂದಿನ ಹಂತಗಳಿಗೆ ನಾನು ಜರ್ಮನಿಯ ವಾಲ್ಟರ್ ಪಿ38 ಅನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಓದುಗರಲ್ಲಿ ಹೆಚ್ಚಿನವರು ಕೇಳುವುದು ಅದನ್ನೇ, ಮುದ್ರೆಗಳನ್ನು ಓದಲು ಕಲಿಯುವುದಕ್ಕೂ ಅದಕ್ಕಿಂತ ಒಳ್ಳೆಯ ಪಠ್ಯವಿಲ್ಲ.

3. ಕೈಗೆತ್ತಿಕೊಂಡ ಕೂಡಲೇ ಖಾಲಿ ಮಾಡಿ ನೋಡಿ

ಮಾರಾಟಗಾರ ಎಷ್ಟೇ ಭರವಸೆ ಕೊಡಲಿ, ಪಿಸ್ತೂಲು ತುಂಬಿದೆ ಎಂದೇ ತಿಳಿದು ನಳಿಕೆಯ ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ಹೊರಗಿಡಿ. ಮೊದಲು ಮ್ಯಾಗಜಿನ್, ಅಂದರೆ ಗುಂಡುಗಳನ್ನು ತುಂಬಿಡುವ ಡಬ್ಬಿ, ತೆಗೆಯಿರಿ, ಆನಂತರ ಸ್ಲೈಡನ್ನು, ಅಂದರೆ ಪಿಸ್ತೂಲಿನ ಹಿಂದುಮುಂದೆ ಸರಿಯುವ ಮೇಲ್ಭಾಗವನ್ನು, ಪೂರ್ತಿ ಹಿಂದಕ್ಕೆ ಎಳೆದು ಚೇಂಬರ್, ಅಂದರೆ ಗುಂಡು ಕೂರುವ ಗೂಡು, ಖಾಲಿಯಿದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಈ ಕ್ರಮ ಹಿಂದುಮುಂದಾದರೆ, ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಚೇಂಬರ್ ಸೇರುತ್ತದೆ.

ಪಿ38ರಲ್ಲಿ ಸ್ಲೈಡಿನ ಎಡಬದಿಯ ಸೇಫ್ಟಿಯನ್ನು ಕೆಳಗೆ ಒತ್ತಿದರೆ ಹ್ಯಾಮರ್ ತಾನಾಗಿ ಬೀಳುತ್ತದೆ, ಒಳಗೆ ಫೈರಿಂಗ್ ಪಿನ್ ಅನ್ನು, ಅಂದರೆ ಗುಂಡಿನ ಹಿಂಬದಿಗೆ ಬಡಿಯುವ ಕಡ್ಡಿಯನ್ನು, ಒಂದು ತಡೆ ಹಿಡಿದಿರುತ್ತದೆ. ಎಂಬತ್ತು ವರ್ಷ ಸವೆದ ಆ ತಡೆಯನ್ನು ನಂಬಬೇಡಿ. ಗುಂಡು ತುಂಬಿರುವಾಗ ಈ ಸೇಫ್ಟಿಯಿಂದ ಹ್ಯಾಮರ್ ಬೀಳಿಸುವ ಪ್ರಯೋಗ ಮಾಡಲೇಬೇಡಿ. ಜೆಕೊಸ್ಲೊವಾಕಿಯದ 1952ರ ಸಿಜೆಡ್ ಪಿಸ್ತೂಲಿಗೂ ಇದೇ ಮಾತು ಅನ್ವಯಿಸುತ್ತದೆ; ಅದರ ಮೂಲ ಫೈರಿಂಗ್ ಪಿನ್ ಪೆಡಸಾದ ಲೋಹದ್ದು, ಖಾಲಿಯಾಗಿ ಟ್ರಿಗರ್ ಎಳೆದರೂ ಮುರಿಯಬಹುದು.

4. ಮುದ್ರೆಗಳನ್ನು ಓದಿ

ಈ ಹಂತಕ್ಕೆ ಆತುರ ಬೇಡ. ಪಿ38 ಅನ್ನು ಯುದ್ಧಕಾಲದಲ್ಲಿ ಮೂರು ಕಂಪನಿಗಳು ಮಾಡಿದವು, ಆದರೆ ಯಾವುದೂ ತನ್ನ ಹೆಸರನ್ನು ಬಹುಕಾಲ ಬರೆಯಲಿಲ್ಲ. ಶತ್ರುವಿಗೆ ಕಾರ್ಖಾನೆಯ ಗುರುತು ಸಿಗದಿರಲೆಂದು ಗುಪ್ತಾಕ್ಷರಗಳನ್ನು ಒತ್ತಿದರು. ತ್ಸೆಲ್ಲಾ-ಮೇಲಿಸ್ ಊರಿನ ವಾಲ್ಟರ್ ಕಾರ್ಖಾನೆ 1940ರಲ್ಲಿ ಸ್ವಲ್ಪ ಕಾಲ 480 ಎಂಬ ಸಂಖ್ಯೆಯನ್ನು, ಆಮೇಲೆ ‘ಎಸಿ’ ಅಕ್ಷರಗಳನ್ನು ಬಳಸಿತು. ಓಬರ್ನ್‌ಡಾರ್ಫ್‌ನ ಮೌಸರ್ 1942ರ ಕೊನೆಯಿಂದ ‘ಬಿವೈಎಫ್’ ಎಂದೂ 1945ರಲ್ಲಿ ‘ಎಸ್‌ವಿಡಬ್ಲ್ಯು’ ಎಂದೂ ಒತ್ತಿತು. ಈ ಎರಡು ಕಾರ್ಖಾನೆಗಳ ಅಕ್ಷರಗಳ ಜೊತೆಗೆ ವರ್ಷದ ಕೊನೆಯ ಎರಡು ಅಂಕಿಗಳೂ ಇರುತ್ತವೆ. ವಾಲ್ಟರ್‌ನ ತೀರ ಮೊದಲಿನ ಕೆಲವು ಮಾತ್ರ ವರ್ಷವಿಲ್ಲದವು. ಮೂರನೆಯ ತಯಾರಕ ಸ್ಪ್ರೀವೆರ್ಕ್, ಅಕ್ಷರಗಳು ‘ಸಿವೈಕ್ಯು’, ವರ್ಷವನ್ನು ಒತ್ತಲೇ ಇಲ್ಲ. ಆದ್ದರಿಂದ ವರ್ಷದ ಅಂಕಿಯಿರುವ ‘ಸಿವೈಕ್ಯು’ ಪಿಸ್ತೂಲು ನಿಮಗೆ ಯಾರಾದರೂ ತೋರಿಸಿದರೆ ಅಲ್ಲಿಯೇ ನಿಲ್ಲಿ.

ಮುಂದಿನದು ಕ್ರಮಸಂಖ್ಯೆ. ಫ್ರೇಮ್ (ಹಿಡಿಕೆಯಿರುವ ಕೆಳಗಿನ ಕಟ್ಟು), ಸ್ಲೈಡ್, ನಳಿಕೆ, ಈ ಮೂರೂ ಕಡೆ ಒಂದೇ ಸಂಖ್ಯೆ ಇದ್ದರೆ ಅದನ್ನು ಹೊಂದಿಕೆಯ ಪಿಸ್ತೂಲು ಎನ್ನುತ್ತಾರೆ, ಬೆಲೆಯೂ ಗಮನಾರ್ಹವಾಗಿ ಹೆಚ್ಚು. ಸಂಖ್ಯೆಯ ಕೊನೆಯಲ್ಲಿರುವ ಸಣ್ಣ ಅಕ್ಷರವನ್ನೂ ನೋಡಿ. ಒಂದರಿಂದ ಹತ್ತು ಸಾವಿರದವರೆಗೆ ಅಕ್ಷರವಿಲ್ಲದೆ, ಆಮೇಲೆ ‘ಎ’, ‘ಬಿ’ ಎಂದು ಸರಣಿ ಮುಂದುವರಿಯುತ್ತದೆ. 4312ಎ ಎಂಬ ಫ್ರೇಮಿಗೆ 4312ಸಿ ಎಂಬ ಸ್ಲೈಡ್ ಕೂತಿದ್ದರೆ ಅಂಕಿಗಳು ಒಂದೇ ಇದ್ದರೂ ಅವು ಬೇರೆ ಬೇರೆ ಪಿಸ್ತೂಲಿನ ಭಾಗಗಳು. ಆತುರದಲ್ಲಿ ಅಂಕಿಯನ್ನು ಮಾತ್ರ ಓದಿ ಹಣ ಕೊಟ್ಟವರು ಹಲವರಿದ್ದಾರೆ.

ಮೂರನೆಯದು ತಪಾಸಣೆಯ ಮುದ್ರೆ. ಹದ್ದಿನ ಚಿತ್ರದ ಕೆಳಗೆ ಒಂದು ಸಂಖ್ಯೆ ಇರುತ್ತದೆ: ವಾಲ್ಟರ್‌ಗೆ 359, ಮೌಸರ್‌ಗೆ 135, ಸ್ಪ್ರೀವೆರ್ಕ್‌ಗೆ 88. ಮೌಸರ್ ಸ್ಲೈಡಿನ ಮೇಲೆ 359 ಕಂಡರೆ ಏಕೆ ಎಂದು ಕೇಳಿ, ತೃಪ್ತಿಯಾಗುವ ಉತ್ತರ ಬರದಿದ್ದರೆ ಬಿಡಿ.

ಕೊನೆಯದು, ಯುದ್ಧದ ನಂತರದ ಗುರುತುಗಳು. ಸೋವಿಯತ್ ಸೇನೆ ವಶಪಡಿಸಿಕೊಂಡು ಉಗ್ರಾಣದಲ್ಲಿಟ್ಟ ಸಾವಿರಾರು ಪಿ38ಗಳು ಮುಂದೆ ಮಾರುಕಟ್ಟೆಗೆ ಬಂದವು. ಇವುಗಳನ್ನು ಬಿಚ್ಚಿ, ಭಾಗಗಳನ್ನು ಬೆರೆಸಿ ಜೋಡಿಸಿ, ಕಪ್ಪು ಲೇಪನದಲ್ಲಿ ಮತ್ತೆ ಅದ್ದಿರುತ್ತಾರೆ. ಅನೇಕವುಗಳ ಫ್ರೇಮಿನ ಮೇಲೆ ಇಂಟು ಗುರುತಿನಂತಹ ಒಂದು ಮುದ್ರೆ ಇರುತ್ತದೆ, ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಹೊಸದನ್ನು ಕೊರೆದಿರುವುದೂ ಉಂಟು. ಇದರ ಜೊತೆಗೆ, 1968ರ ಬಂದೂಕು ನಿಯಂತ್ರಣ ಕಾಯ್ದೆಯ ನಂತರ ಅಮೆರಿಕಕ್ಕೆ ಆಮದಾದ ಬಂದೂಕಿನ ಮೇಲೆ ಆಮದುದಾರನ ಹೆಸರು ಮತ್ತು ಊರು ಕೊರೆದಿರಬೇಕು. ‘ನಮ್ಮ ತಾತ ಯುದ್ಧದಿಂದ ತಂದದ್ದು’ ಎನ್ನುವ ಪಿಸ್ತೂಲಿನ ನಳಿಕೆಯ ಕೆಳಗೆ ಆಮದುದಾರನ ಹೆಸರು ಕಂಡರೆ ಆ ಕಥೆ ಅಲ್ಲಿಗೆ ಮುಗಿಯಿತು.

ಸೋವಿಯತ್ ದುರಸ್ತಿಯ ಪಿಸ್ತೂಲನ್ನು ಕೀಳೆಂದು ಕಾಣುವವರ ಜೊತೆ ನನಗೆ ಸಹಮತವಿಲ್ಲ. ಜರ್ಮನ್ ಕಾರ್ಖಾನೆ, ಪೂರ್ವದ ರಣಾಂಗಣ, ಸೋವಿಯತ್ ಉಗ್ರಾಣ, ಅಮೆರಿಕದ ಆಮದುದಾರ, ಈ ನಾಲ್ಕರ ಗುರುತೂ ಒಂದೇ ಲೋಹದ ಮೇಲೆ ಸಿಗುತ್ತದೆ. ಸರಿಯಾದ ಬೆಲೆಗೆ, ಸರಿಯಾದ ಹೆಸರಿನಲ್ಲಿ ಕೊಂಡರೆ ಕಲಿಯುವವರಿಗೆ ಅದೇ ಉತ್ತಮ ಮೊದಲ ಪಿಸ್ತೂಲು.

5. ಲೇಪನ ಮೂಲದ್ದೇ ಎಂದು ಪರೀಕ್ಷಿಸಿ

ಉಕ್ಕಿಗೆ ತುಕ್ಕು ಹಿಡಿಯದಂತೆ ರಾಸಾಯನಿಕವಾಗಿ ಬರಿಸುವ ನೀಲಿಗಪ್ಪು ಪದರಕ್ಕೆ ಬ್ಲೂಯಿಂಗ್ ಎನ್ನುತ್ತಾರೆ. ಮೂಲ ಬ್ಲೂಯಿಂಗ್ ಉಳಿದಿರುವ ಪ್ರಮಾಣವೇ ಬೆಲೆಯನ್ನು ನಿರ್ಧರಿಸುವುದರಿಂದ, ಉಜ್ಜಿ ಹೊಳಪು ಕೊಟ್ಟು ಮತ್ತೆ ಲೇಪಿಸಿ ಮಾರುವವರು ಇದ್ದೇ ಇರುತ್ತಾರೆ. ನಾನು ಕೊಂಡ ಎರಡನೆಯ ಪಿಸ್ತೂಲು ಅಂತಹದೇ ಆಗಿತ್ತು. ಕೊಳ್ಳುವಾಗ ಅದರ ಹೊಳಪು ನೋಡಿ ಸಂತೋಷಪಟ್ಟೆ. ಮನೆಗೆ ತಂದು ಭೂತಗನ್ನಡಿ ಹಿಡಿದಾಗ, ಒತ್ತಿದ ಅಕ್ಷರಗಳ ಅಂಚುಗಳು ಬಹುಕಾಲ ಚಲಾವಣೆಯಲ್ಲಿದ್ದ ನಾಣ್ಯದ ಅಕ್ಷರಗಳಂತೆ ಮೊಂಡಾಗಿದ್ದವು, ಒಂದು ತಿರುಪಿನ ತೂತಿನ ಅಂಚು ಬಟ್ಟಲಿನ ಬಾಯಿಯಂತೆ ಒಳಕ್ಕೆ ಇಳಿದಿತ್ತು, ಮತ್ತು ತುಕ್ಕು ತಿಂದ ಸಣ್ಣ ಗುಳಿಗಳ ಒಳಗೂ ಕಪ್ಪು ಲೇಪನ ಕೂತಿತ್ತು. ಗುಳಿ ಬಿದ್ದ ಮೇಲೆ ಲೇಪನವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದ್ದರಿಂದ ಭೂತಗನ್ನಡಿಯನ್ನು ಹಣ ಎಣಿಸುವ ಮೊದಲೇ ಹೊರತೆಗೆಯಿರಿ.

ಸ್ಪ್ರೀವೆರ್ಕ್ ಪಿಸ್ತೂಲಿನ ಮೇಲೆ ಮಾತ್ರ ಒರಟುತನ ಕಂಡು ಗಾಬರಿಯಾಗಬೇಡಿ. ಯುದ್ಧದ ಕೊನೆಯ ವರ್ಷಗಳಲ್ಲಿ ಬಲವಂತದ ಕಾರ್ಮಿಕರನ್ನು ದುಡಿಸಿಕೊಂಡು ನಡೆಸಿದ ತಯಾರಿಕೆಯಲ್ಲಿ ಹೊಳಪು ಕೊಡುವ ಕೆಲಸವನ್ನೇ ಬಿಟ್ಟಿದ್ದರು. ಸ್ಲೈಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಯಂತ್ರದ ಉಳಿ ಸಾಗಿದ ಸಾಲುಗಳು ಉತ್ತ ಹೊಲದಂತೆ ಕಾಣುತ್ತವೆ. ಅಂತಹ ಪಿಸ್ತೂಲು ನಯವಾಗಿ ಮಿನುಗುತ್ತಿದ್ದರೆ ಅದೇ ಅನುಮಾನಕ್ಕೆ ಕಾರಣ. ಆ ಸಾಲುಗಳನ್ನು ನೋಡುವಾಗ ಅವನ್ನು ಕೊರೆದ ಕೈಗಳು ಯಾರವು ಎಂಬುದನ್ನು ಮರೆಯಬಾರದೆಂದು ನಾನು ಪ್ರತಿ ಓದುಗರಿಗೂ ಹೇಳುತ್ತೇನೆ.

ಪಿ38ಕ್ಕಿಂತ ಮೊದಲು ಜರ್ಮನ್ ಸೇನೆ ಬಳಸುತ್ತಿದ್ದ ಲ್ಯೂಗರ್ ಪಿ08 ನೋಡುವವರಿಗೆ ಎರಡು ಸೂಚನೆಗಳು ಸಾಕು. ಹಳೆಯ ಲ್ಯೂಗರ್‌ಗಳಲ್ಲಿ ಟ್ರಿಗರ್, ಸೇಫ್ಟಿ ಮುಂತಾದ ಸಣ್ಣ ಭಾಗಗಳನ್ನು ಕಾಯಿಸಿ ಒಣಹುಲ್ಲಿನ ಹೊಂಬಣ್ಣ ಬರಿಸುತ್ತಿದ್ದರು. ಮೌಸರ್ 1937ರಲ್ಲಿ ಲೇಪನದ ವಿಧಾನವನ್ನೇ ಬದಲಿಸಿ ಇವನ್ನೂ ನೀಲಿಗೆ ತಂದಿತು. 1940ರ ಲ್ಯೂಗರ್‌ನಲ್ಲಿ ಹೊಂಬಣ್ಣದ ಟ್ರಿಗರ್ ಇದ್ದರೆ ಅದು ಯಾರೋ ಈಚೆಗೆ ಮಾಡಿದ ಅಲಂಕಾರ. ಇನ್ನು, ಹಿಂದಿನ ಕೆಲವು ಲ್ಯೂಗರ್‌ಗಳಲ್ಲಿ ಲೇಪನವಾದ ಮೇಲೆ ಮುದ್ರೆ ಒತ್ತಿದ್ದರಿಂದ ಮುದ್ರೆಯ ಸುತ್ತ ಲೇಪನ ತಿಳಿಯಾದ ಒಂದು ಪರಿವೇಷ ಉಳಿದಿರುತ್ತದೆ. ಮರುಲೇಪನ ಮಾಡಿದರೆ ಅದು ಅಳಿಸಿಹೋಗುತ್ತದೆ. ಇದ್ದರೆ ಒಳ್ಳೆಯ ಲಕ್ಷಣ.

6. ಕಥೆಗೆ ಹಣ ಕೊಡಬೇಡಿ

ಅಧಿಕಾರಿಯೊಬ್ಬನಿಂದ ಕಸಿದುಕೊಂಡದ್ದು, ಇಂಥ ಕಾಳಗದಲ್ಲಿ ಸಿಕ್ಕಿದ್ದು ಎಂಬ ಮಾತುಗಳಿಗೆ ಕಾಗದದ ಆಧಾರವಿಲ್ಲದಿದ್ದರೆ ಬೆಲೆಯಿಲ್ಲ. ಅಮೆರಿಕದ ಸೈನಿಕರು ವಶಪಡಿಸಿಕೊಂಡ ವಸ್ತುವನ್ನು ಮನೆಗೆ ತರಲು ಮೇಲಧಿಕಾರಿಯ ಸಹಿಯಿರುವ ಪ್ರಮಾಣಪತ್ರ ಪಡೆಯುತ್ತಿದ್ದರು. ಅದರಲ್ಲಿ ಪಿಸ್ತೂಲಿನ ಕ್ರಮಸಂಖ್ಯೆಯೂ ಬರೆದಿದ್ದು, ನಿಮ್ಮ ಕೈಯಲ್ಲಿರುವುದರ ಸಂಖ್ಯೆಗೆ ತಾಳೆಯಾದರೆ ಮಾತ್ರ ಹೆಚ್ಚಿನ ಬೆಲೆ ಕೊಡಿ. ಸಂಖ್ಯೆಯಿಲ್ಲದ ಪತ್ರವನ್ನು ಯಾವ ಪಿಸ್ತೂಲಿನ ಜೊತೆಗೂ ಇಡಬಹುದು.

7. ಗ್ರೀಸು ತೆಗೆಯಿರಿ, ಇತಿಹಾಸ ತೆಗೆಯಬೇಡಿ

ಉಗ್ರಾಣದಿಂದ ಬಂದ ಪಿಸ್ತೂಲಿಗೆ ಕಾಸ್ಮೊಲಿನ್ ಎಂಬ ಕಂದು ಗ್ರೀಸು ದಪ್ಪವಾಗಿ ಮೆತ್ತಿರುತ್ತದೆ. ಮರದ ಅಥವಾ ಬೇಕಲೈಟಿನ ಹಿಡಿಕೆಯನ್ನು ಮೊದಲು ಬಿಚ್ಚಿ ಬೇರೆಯಿಡಿ. ಲೋಹದ ಭಾಗಗಳನ್ನು ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ, ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿ ಮೆತ್ತನೆಯ ನೈಲಾನ್ ಬ್ರಶ್ಶಿನಿಂದ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ. ಉಕ್ಕಿನ ನಾರು, ಮರಳು ಕಾಗದ, ಪಾಲಿಶ್ ಪೇಸ್ಟು, ಇವು ಯಾವುವೂ ಹತ್ತಿರ ಸುಳಿಯಬಾರದು. ಸೋವಿಯತ್ ಮರದ ಹಿಡಿಕೆಗಳಿಗೆ ಅರಗಿನ ಮೆರುಗು ಹಚ್ಚಿರುವುದರಿಂದ ಆಲ್ಕೋಹಾಲ್ ತಾಗಿದರೆ ಕರಗಿಹೋಗುತ್ತದೆ.

ಪಿ38ರ ಸ್ಲೈಡಿನ ಮೇಲ್ಗಡೆ ಒಂದು ತೆಳುವಾದ ತಗಡಿನ ಮುಚ್ಚಳವಿದೆ. ಅದನ್ನು ಬಿಚ್ಚಬೇಕಾದ ಅಗತ್ಯ ಬಹಳ ಅಪರೂಪ. ಬಿಚ್ಚಿದರೆ ಒಳಗಿನ ಸಣ್ಣ ಸ್ಪ್ರಿಂಗುಗಳು ಹಾರಿಹೋಗುತ್ತವೆ, ಮುಚ್ಚಳವೂ ಸಡಿಲಾಗುತ್ತದೆ. ಸಡಿಲಾದ ಮುಚ್ಚಳ ಗುಂಡು ಹಾರಿಸುವಾಗ ಎಗರಿದ ಪ್ರಸಂಗಗಳು ಈ ಮಾದರಿಯಲ್ಲಿ ಚಿರಪರಿಚಿತ.

8. ಹಾರಿಸಲೇಬೇಕೆಂದರೆ

ಹಾರಿಸದೆ ಇಟ್ಟುಕೊಳ್ಳುವುದೇ ಒಳ್ಳೆಯದು ಎಂದು ನಾನು ಹೇಳುತ್ತೇನೆ, ಅದರಲ್ಲೂ ಹೊಂದಿಕೆಯ ಸಂಖ್ಯೆಯದ್ದಾದರೆ. ಒಂದು ಭಾಗ ಮುರಿದರೂ ಹೊಂದಿಕೆ ಮರಳಿ ಬರುವುದಿಲ್ಲ. ಹಾರಿಸುವವರು ಮೊದಲು ಅನುಭವಿ ಬಂದೂಕು ದುರಸ್ತಿಗಾರರಿಗೆ ತೋರಿಸಿ, ಪಿ38 ಆದರೆ ನಳಿಕೆಯ ಕೆಳಗಿದ್ದು, ಗುಂಡು ಹಾರುವಾಗ ಅದನ್ನು ಸ್ಲೈಡಿಗೆ ಬಿಗಿಹಿಡಿಯುವ ಲಾಕಿಂಗ್ ಬ್ಲಾಕಿನ ಕಿವಿಗಳಲ್ಲಿ ಬಿರುಕು ಇದೆಯೇ ಎಂದು ನೋಡಿಸಿ, ಸವೆದ ಸ್ಪ್ರಿಂಗುಗಳನ್ನು ಬದಲಿಸಿ ಮೂಲದವನ್ನು ಲಕೋಟೆಯಲ್ಲಿ ಎತ್ತಿಡಿ. ಸಾಧಾರಣ ಒತ್ತಡದ ಗುಂಡುಗಳನ್ನು ಮಾತ್ರ ಬಳಸಿ.

ಬ್ರಿಟಿಷ್ ವೆಬ್ಲಿ ಆರನೆಯ ಮಾರ್ಕ್ ರಿವಾಲ್ವರ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಮೆರಿಕದಲ್ಲಿ ಸುಲಭವಾಗಿ ಸಿಗುವ .45 ಎಸಿಪಿ ಗುಂಡು ಹಿಡಿಯಲೆಂದು ಇವುಗಳಲ್ಲಿ ಅನೇಕದರ ಉರುಳೆಯ ಹಿಂಬದಿಯನ್ನು ಕೆತ್ತಿ ಹಾಕಿದ್ದಾರೆ. ಗುಂಡು ಕೂರುತ್ತದೆ, ಆದರೆ ಅದರ ಒತ್ತಡ ಮೂಲ .455 ಗುಂಡಿನದ್ದಕ್ಕಿಂತ ಬಹಳ ಹೆಚ್ಚು. ಹಾಗೆಯೇ 7.63 ಮಿಲಿಮೀಟರಿನ ಹಳೆಯ ಮೌಸರ್ ಸಿ96ಕ್ಕೆ ಟೋಕರೆವ್ ಗುಂಡನ್ನು ಹಾಕಬೇಡಿ. ಅಳತೆ ಹೊಂದುತ್ತದೆ, ಶಕ್ತಿ ಹೊಂದುವುದಿಲ್ಲ.

ಹಳೆಯ ಸೇನಾ ಗುಂಡುಗಳ ಪ್ರೈಮರ್, ಎಂದರೆ ಕಿಡಿ ಹೊತ್ತಿಸುವ ಮದ್ದು, ಉರಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪನ್ನು ನಳಿಕೆಯಲ್ಲಿ ಬಿಡುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿ ಕೆಲವೇ ಗಂಟೆಗಳಲ್ಲಿ ತುಕ್ಕು ಹುಟ್ಟಿಸಬಲ್ಲದು. ಎಣ್ಣೆಗೆ ಉಪ್ಪು ಕರಗುವುದಿಲ್ಲ; ಅದೇ ದಿನ ಬಿಸಿನೀರಿನಲ್ಲಿ ನಳಿಕೆಯನ್ನು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿ.

9. ಇಡುವ ಜಾಗ ಮತ್ತು ಲೆಕ್ಕದ ಪುಸ್ತಕ

ಪಿಸ್ತೂಲನ್ನು ಅದರ ಹಳೆಯ ಚರ್ಮದ ಚೀಲದಲ್ಲಿ ಹಾಕಿಡುವುದು ಹೊಸಬರು ತಪ್ಪದೆ ಮಾಡುವ ತಪ್ಪು. ಚರ್ಮ ತೇವವನ್ನು ಹಿಡಿಯುತ್ತದೆ, ಹದ ಮಾಡಲು ಬಳಸಿದ ರಾಸಾಯನಿಕಗಳು ಲೋಹವನ್ನು ತಿನ್ನುತ್ತವೆ, ಒಂದು ಮಳೆಗಾಲ ಕಳೆಯುವುದರೊಳಗೆ ನಳಿಕೆಯ ಮೈಮೇಲೆ ಚುಕ್ಕೆಗಳು ಏಳುತ್ತವೆ. ಚೀಲ ಬೇರೆ, ಪಿಸ್ತೂಲು ಬೇರೆ, ಗುಂಡುಗಳು ಇನ್ನೂ ಬೇರೆ. ಬೀಗವಿರುವ ಉಕ್ಕಿನ ಪೆಟ್ಟಿಗೆ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಇರಲಿ. ಶೇಕಡಾ 50ರ ಆಸುಪಾಸು ತೇವಾಂಶ ಸರಿಯಾದುದು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಉಳಿಯುವುದರಿಂದ ಪ್ರತಿ ಸಲವೂ ಎಣ್ಣೆಬಟ್ಟೆಯಿಂದ ಒರೆಸಿಡಿ.

ಸಂಗ್ರಾಹಕರ ಪರವಾನಗಿ ಇದ್ದವರು ಹೊಲಿದ ದಾಖಲೆ ಪುಸ್ತಕವೊಂದನ್ನು ಇಡುವುದು ಕಡ್ಡಾಯ. ಕೊಂಡದ್ದನ್ನು ಮರುದಿನದ ಕಚೇರಿ ಸಮಯ ಮುಗಿಯುವುದರೊಳಗೆ, ಕೊಟ್ಟದ್ದನ್ನು ಏಳು ದಿನದೊಳಗೆ, ಯಾರಿಂದ ಅಥವಾ ಯಾರಿಗೆ, ತಯಾರಕ, ಮಾದರಿ, ಕ್ರಮಸಂಖ್ಯೆ, ಗುಂಡಿನ ಅಳತೆ, ದಿನಾಂಕ ಸಮೇತ ಬರೆಯಬೇಕು. ಎಟಿಎಫ್ ವರ್ಷಕ್ಕೊಮ್ಮೆ ಬಂದು ಇದನ್ನು ಪರಿಶೀಲಿಸಬಹುದು.

ಇದಲ್ಲದೆ ನಿಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ ಪ್ರತಿ ಪಿಸ್ತೂಲಿಗೂ ಒಂದು ಪುಟ ಮೀಸಲಿಡಿ: ಪ್ರತಿ ಮುದ್ರೆಯ ಚಿತ್ರ, ಅದು ಇರುವ ಜಾಗ, ಕೊಟ್ಟ ಬೆಲೆ, ನೀವು ಬದಲಿಸಿದ ಸ್ಪ್ರಿಂಗ್, ಮೂಲದ್ದು ಯಾವ ಲಕೋಟೆಯಲ್ಲಿದೆ ಎಂಬ ವಿವರ. ಅದರ ಮೊದಲ ಪುಟದಲ್ಲಿ ಮನೆಯವರಿಗೆಂದು ಕನ್ನಡದಲ್ಲಿಯೇ ನಾಲ್ಕು ಸಾಲು ಬರೆದಿಡಿ: ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ, ನನ್ನ ನಂತರ ಇವನ್ನು ಮುಟ್ಟುವ ಮೊದಲು ಯಾವ ವಕೀಲರಿಗೆ ಮತ್ತು ಯಾವ ಪರವಾನಗಿಯ ವರ್ತಕರಿಗೆ ಫೋನ್ ಮಾಡಬೇಕು, ಯಾವುದನ್ನು ಉಜ್ಜಿ ತೊಳೆಯಬಾರದು.